ಬಯಲುಸೀಮೆಯ ಕೈಗಾರಿಕಾ ಖನಿಜಗಳು: ಖರೀದಿದಾರರು ಅರಿಯಬೇಕಾದ ಲೆಕ್ಕ

ಲೋಹವನ್ನು ಬೇರ್ಪಡಿಸುವ ಸಲುವಾಗಿ ಅಲ್ಲದೆ, ತಮ್ಮ ಸಹಜ ಗುಣಗಳಿಗಾಗಿಯೇ ಬಳಕೆಯಾಗುವ ಖನಿಜಗಳನ್ನು ಕೈಗಾರಿಕಾ ಖನಿಜಗಳೆಂದು ಕರೆಯಲಾಗುತ್ತದೆ. ಕರ್ನಾಟಕದ ಬಯಲುಸೀಮೆಯಲ್ಲಿ ಇವು ಹೇರಳವಾಗಿವೆ. ಕಲಬುರಗಿ, ಬಾಗಲಕೋಟೆ ಜಿಲ್ಲೆಗಳ ಸುಣ್ಣದಕಲ್ಲು ಸಿಮೆಂಟಿನ ಮೂಲವಸ್ತು. ಬಾಗಲಕೋಟೆಯ ಡಾಲೊಮೈಟ್ ಉಕ್ಕಿನ ಕುಲುಮೆಗಳಲ್ಲಿ ಬಳಕೆಯಾಗುತ್ತದೆ. ಬೆಣಚುಕಲ್ಲು ಗಾಜಿಗೂ ಪಿಂಗಾಣಿಗೂ ಬೇಕು. ಫೆಲ್ಡ್‌ಸ್ಪಾರ್ ಪಿಂಗಾಣಿಯ ಮಿಶ್ರಣವು ಕಡಿಮೆ ಉಷ್ಣತೆಯಲ್ಲಿ ಕರಗುವಂತೆ ಮಾಡುತ್ತದೆ. ಬಿಳಿಜೇಡಿಯು ಪಿಂಗಾಣಿಯಲ್ಲದೆ ಕಾಗದ, ಬಣ್ಣ ಹಾಗೂ ರಬ್ಬರ್ ತಯಾರಿಕೆಗೂ ಸಲ್ಲುತ್ತದೆ.

ದಂಡು ಪ್ರದೇಶದ ಪಾಟರಿ ಟೌನ್‌ನ ಕುಂಬಾರರಿಂದ ಮೊದಲ್ಗೊಂಡು ಕೆ.ಆರ್.ಪುರ, ಮಹದೇವಪುರಗಳ ಸಣ್ಣ ಘಟಕಗಳವರೆಗೆ, ಮಣ್ಣನ್ನಾಗಲಿ ಖನಿಜದ ಪುಡಿಯನ್ನಾಗಲಿ ಕೊಳ್ಳುವವರೆಲ್ಲರೂ ಮೂರು ಅಂಶಗಳನ್ನು ಗಮನಿಸತಕ್ಕದ್ದು.

ಮೊದಲನೆಯದು, ಗುಣಮಟ್ಟ. ಕಬ್ಬಿಣದ ಅಂಶ ಹೆಚ್ಚಿದ್ದರೆ ಗಾಜು ಹಸಿರು ಛಾಯೆ ತಾಳುತ್ತದೆ, ಪಿಂಗಾಣಿಯ ಬಿಳುಪು ಕೆಡುತ್ತದೆ. ಬಣ್ಣದ ತಯಾರಿಕೆಗೆ ಪುಡಿಯ ನಯ ಮತ್ತು ಬಿಳುಪು ಮುಖ್ಯ. ಆದುದರಿಂದ ಪ್ರತಿ ಸರಕಿಗೂ ಪರೀಕ್ಷಾ ವರದಿಯನ್ನು ಪಡೆಯುವುದು ಅವಶ್ಯಕ.

ಎರಡನೆಯದು, ತೇವಾಂಶ. ಉದಾಹರಣೆಗೆ, ಟನ್ನಿಗೆ ರೂ. 3,000 ದರದ ಜೇಡಿಯಲ್ಲಿ ಶೇ. 15 ರಷ್ಟು ತೇವಾಂಶವಿದೆ, ರೂ. 3,300 ದರದ ಜೇಡಿಯಲ್ಲಿ ಶೇ. 4 ರಷ್ಟಿದೆ ಎಂದಿಟ್ಟುಕೊಳ್ಳೋಣ. ಮೊದಲನೆಯದರಲ್ಲಿ ದೊರೆಯುವ ಒಣ ಜೇಡಿ 850 ಕಿಲೋ ಮಾತ್ರ. ಒಣ ಟನ್ನಿನ ಬೆಲೆ ಸುಮಾರು ರೂ. 3,529. ಎರಡನೆಯದರಲ್ಲಿ 960 ಕಿಲೋ. ಬೆಲೆ ಸುಮಾರು ರೂ. 3,438. ಎರಡಕ್ಕೂ ಟನ್ನಿಗೆ ರೂ. 1,000 ಸಾಗಣೆ ವೆಚ್ಚವನ್ನು ಸೇರಿಸಿದರೆ, ಒಣ ಟನ್ನಿನ ಮೇಲಿನ ಅಂತರ ಸುಮಾರು ರೂ. 227 ಕ್ಕೆ ಏರುತ್ತದೆ. ಅಗ್ಗವೆಂದು ಕಂಡ ಸರಕೇ ತುಟ್ಟಿಯಾಯಿತು. ನೀರಿಗೂ ಬಾಡಿಗೆ ತೆತ್ತಂತಾಯಿತು.

ಮೂರನೆಯದು, ದಾಖಲೆ. ಕೇಂದ್ರ ಸರ್ಕಾರವು 2015 ರ ಫೆಬ್ರವರಿ 10 ರಂದು 31 ಖನಿಜಗಳನ್ನು ಉಪಖನಿಜಗಳೆಂದು ಘೋಷಿಸಿತು. ಅವುಗಳ ಪೈಕಿ ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಅಭ್ರಕ ಮತ್ತು ಬೆರೈಟ್ಸ್‌ಗಳನ್ನು 2025 ರ ಫೆಬ್ರವರಿಯಲ್ಲಿ ಮತ್ತೆ ಪ್ರಧಾನ ಖನಿಜಗಳ ವರ್ಗಕ್ಕೆ ಸೇರಿಸಲಾಯಿತು. ಉಪಖನಿಜಗಳ ರಾಜಧನವನ್ನು ರಾಜ್ಯವೂ ಪ್ರಧಾನ ಖನಿಜಗಳ ರಾಜಧನವನ್ನು ಕೇಂದ್ರವೂ ನಿಗದಿಪಡಿಸುವುದರಿಂದ, ಹಳೆಯ ದರವನ್ನೇ ನಂಬಿ ಒಪ್ಪಂದ ಮಾಡಿಕೊಳ್ಳುವುದು ಸರಿಯಲ್ಲ. 1957 ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ, ನಿಯಮಬಾಹಿರವಾಗಿ ಖನಿಜವನ್ನು ಸಾಗಿಸುವುದಷ್ಟೇ ಅಲ್ಲ, ದಾಸ್ತಾನು ಮಾಡುವುದೂ ಅಪರಾಧ. ವಾಹನವನ್ನೂ ಸರಕನ್ನೂ ವಶಪಡಿಸಿಕೊಳ್ಳಲು ಅವಕಾಶವಿದೆ. ತೆರಿಗೆ ಬಿಲ್ಲು ಸರಿಯಿದ್ದ ಮಾತ್ರಕ್ಕೆ ಸಾಗಣೆ ಪರವಾನಗಿಯ ಕೊರತೆ ನೀಗುವುದಿಲ್ಲ.

ಹೀಗಾಗಿ ಪರೀಕ್ಷಾ ವರದಿ, ತೂಕದ ಚೀಟಿ, ಸಾಗಣೆ ಪರವಾನಗಿ ಮತ್ತು ಬಿಲ್ಲು ಈ ನಾಲ್ಕನ್ನೂ ಒಂದೇ ಕಡತದಲ್ಲಿ ಇಡುವ ಪದ್ಧತಿಯನ್ನು ಪ್ರತಿ ಘಟಕವೂ ರೂಢಿಸಿಕೊಳ್ಳುವುದು ಒಳಿತು.