ಆ ಡಬ್ಬಿಯ ಮುಚ್ಚಳ ತೆಗೆಯಮ್ಮ

ಕಳೆದ ಭಾನುವಾರ ನೀನು ಮಾದರಿ ವಿಮಾನ ಕಟ್ಟುವವರ ನಮ್ಮ ಕೂಟಕ್ಕೆ ಮೊದಲ ಸಲ ಬಂದೆ. ಮಲ್ಲೇಶ್ವರದ ಆ ಹಳೆಯ ಮನೆಯ ಮಹಡಿ, ಎರಡು ಉದ್ದನೆಯ ಮೇಜು, ಅವುಗಳ ಮೇಲೆ ಹತ್ತಾರು ಪುಟ್ಟ ವಿಮಾನಗಳು, ಸುತ್ತ ನಾವು ಹದಿನೈದು ಮಂದಿ. ಎಲ್ಲರೂ ತಾವು ತಂದಿದ್ದನ್ನು ಹೊರಗೆ ತೆಗೆದಿಟ್ಟರು. ನೀನು ಮಾತ್ರ ಒಂದು ಶೂ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಏನಮ್ಮ ಅದು ಅಂದರೆ, "ಮಿಗ್-21 ಅಂಕಲ್, ಕೆಟ್ಟುಹೋಗಿದೆ, ತೋರಿಸೋ ಹಾಗಿಲ್ಲ" ಅಂದೆ. ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು, ಮುಚ್ಚಳ ಅರ್ಧ ಎತ್ತಿ ನನಗೊಬ್ಬನಿಗೆ ತೋರಿಸಿದೆ. ಕ್ಯಾನೋಪಿಗೆ, ಅಂದರೆ ಪೈಲಟ್ ತಲೆಯ ಮೇಲಿನ ಗಾಜಿಗೆ, ಮಂಜು ಕವಿದಂತಾಗಿತ್ತು. ಬಾಲ ನೆಲಕ್ಕೂರಿ ಮೂಗು ಮೇಲೆದ್ದಿತ್ತು. ರೆಕ್ಕೆಯ ಬುಡದಲ್ಲಿ ಬಿರುಕು ಬಿಟ್ಟಿತ್ತು. "ಎಸೆದುಬಿಡ್ತೀನಿ ಅಂಕಲ್" ಅಂದು ಹೊರಟುಹೋದೆ.

ಎಸೆಯಬೇಡಮ್ಮ. ನಲವತ್ತು ವರ್ಷಕ್ಕೂ ಮಿಕ್ಕಿ ಈ ಕೆಲಸ ಮಾಡಿಕೊಂಡು ಬಂದವನ ಮಾತು ಅಂತ ಕೇಳಿಸಿಕೋ. ನಿನ್ನ ವಿಮಾನಕ್ಕೆ ಬಂದಿರುವ ಮೂರು ಕಾಯಿಲೆಯೂ ಆ ಮೇಜಿನ ಸುತ್ತ ಕೂತಿದ್ದವರಿಗೆಲ್ಲ ಗೊತ್ತಿರುವಂಥವು. ಡಬ್ಬಿ ತೆರೆದಿದ್ದರೆ ಮೂರಕ್ಕೂ ಅಲ್ಲೇ ಮದ್ದು ಸಿಗುತ್ತಿತ್ತು.

ಮೊದಲು ಆ ಮಂಜು. ಕ್ಷಣದಲ್ಲಿ ಹಿಡಿಯುವ ಅಂಟನ್ನು ಗಾಜಿನ ಭಾಗಕ್ಕೆ ಹಾಕಿದ್ದೀಯ. ಅದರ ಆವಿ ಗಾಜಿನ ಮೇಲೆ ಕೂತು ಬೆಳ್ಳಗಾಗುತ್ತದೆ. ಇಡೀ ವಿಮಾನವನ್ನು ಒಂದೆರಡು ಗಂಟೆ ಫ್ರೀಜರಿನಲ್ಲಿಡು. ಆ ಅಂಟು ಚಳಿಗೆ ಪೆಡಸಾಗುತ್ತದೆ, ಆಮೇಲೆ ಅಂಚಿನಲ್ಲಿ ಮೆಲ್ಲಗೆ ಮೀಟಿದರೆ ಕ್ಯಾನೋಪಿ ಬಿಟ್ಟುಕೊಳ್ಳುತ್ತದೆ. ಮೆತ್ತನೆ ಬಟ್ಟೆಗೆ ಚೂರು ಟೂತ್‌ಪೇಸ್ಟ್ ಹಚ್ಚಿ ಒಳಗೂ ಹೊರಗೂ ತಾಳ್ಮೆಯಿಂದ ಉಜ್ಜು. ಮತ್ತೆ ಕೂರಿಸುವಾಗ ಫೆವಿಕಾಲ್ ಸಾಕು. ಹಚ್ಚುವಾಗ ಹಾಲಿನ ಹಾಗೆ ಬೆಳ್ಳಗಿದ್ದರೂ ಒಣಗಿದ ಮೇಲೆ ತಿಳಿಯಾಗುತ್ತದೆ, ಗಾಜಿಗೆ ಏನೂ ಮಾಡುವುದಿಲ್ಲ.

ಎರಡನೆಯದು ಬಾಲದ ಭಾರ. ಮೂಗಿನಡಿ ಗಾಲಿಯಿರುವ ವಿಮಾನದ ಒಡಲು ಮುಚ್ಚುವ ಮುಂಚೆ ಮೂಗಿನೊಳಗೆ ತೂಕ ಇಡಬೇಕು. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು ಇದಕ್ಕೆ ಹೇಳಿ ಮಾಡಿಸಿದ್ದು. ನಿನ್ನದು ಮುಚ್ಚಿಹೋಗಿದೆಯಲ್ಲ, ಚಿಂತೆಯಿಲ್ಲ. ಮುಂದಿನ ಗಾಲಿಯ ಗೂಡಿನಿಂದ ಸಣ್ಣ ಸಣ್ಣ ಚೂರುಗಳನ್ನು ಅಂಟು ಹಚ್ಚಿ ಒಳಗೆ ತಳ್ಳು. ಸೀಸ ಮುಟ್ಟಿದ ಮೇಲೆ ಕೈ ತೊಳೆದುಕೊ.

ಮೂರನೆಯದು ಬಿರುಕು. ಪಾರ್ಟುಗಳನ್ನು ಕತ್ತರಿಸಿದ ಮೇಲೆ ಉಳಿಯುವ ಪ್ಲಾಸ್ಟಿಕ್ ಚೌಕಟ್ಟನ್ನು ಎಸೆಯಬಾರದು. ಅದರ ಚೂರುಗಳನ್ನು ಪ್ಲಾಸ್ಟಿಕ್ ಸಿಮೆಂಟಿನ ಸೀಸೆಯಲ್ಲಿ ನೆನೆಹಾಕಿದರೆ ರಾತ್ರಿ ಕಳೆಯುವಷ್ಟರಲ್ಲಿ ಕರಗಿ ಗಂಜಿಯಾಗುತ್ತದೆ. ಅದನ್ನು ಬಿರುಕಿಗೆ ತುಂಬಿ ಎರಡು ದಿನ ಮುಟ್ಟದೆ ಬಿಡು. ಆಮೇಲೆ ನಯವಾದ ಉಪ್ಪು ಕಾಗದವನ್ನು ನೀರಿನಲ್ಲದ್ದಿ ಉಜ್ಜಿದರೆ ರೆಕ್ಕೆಯೂ ಒಡಲೂ ಒಂದೇ ತುಂಡಿನಂತೆ ಕಾಣುತ್ತವೆ.

ಇಷ್ಟೇ. ಇದರಲ್ಲಿ ನಾನು ಕಂಡುಹಿಡಿದಿದ್ದು ಒಂದೂ ಇಲ್ಲ. ಫ್ರೀಜರಿನ ವಿಷಯ ಒಬ್ಬ ಹಲ್ಲಿನ ಡಾಕ್ಟರು ಹೇಳಿದ್ದು, ಗಂಜಿ ಮಾಡುವುದನ್ನು ಕಾಲೇಜು ಹುಡುಗನೊಬ್ಬ ತೋರಿಸಿದ್ದು. ಇಬ್ಬರೂ ಅದೇ ಮೇಜಿನ ಸುತ್ತ ಸಿಕ್ಕವರು.

ನನ್ನದೇ ಒಂದು ವಿಷಯ ಹೇಳುತ್ತೇನೆ. ನನ್ನ ಸೋದರಮಾವ ಲಂಡನ್ನಿನಿಂದ ಒಂದು ನ್ಯಾಟ್ ವಿಮಾನದ ಕಿಟ್ ತಂದುಕೊಟ್ಟಿದ್ದರು. ನ್ಯಾಟ್ ಅಂದರೆ ನಮ್ಮ ಪೀಳಿಗೆಗೆ ರೋಮಾಂಚನ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೂ ತಯಾರಾಗುತ್ತಿದ್ದ ವಿಮಾನ ಅದು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಶತ್ರುವಿನ ಸೇಬರ್ ವಿಮಾನಗಳು ಎರಗಿದಾಗ ಫ್ಲೈಯಿಂಗ್ ಆಫೀಸರ್ ನಿರ್ಮಲ್ ಜಿತ್ ಸಿಂಗ್ ಸೆಖೋಂ ಮೇಲೇರಿದ್ದು ಇದೇ ನ್ಯಾಟ್‌ನಲ್ಲಿ. ಅಲ್ಲೇ ಪ್ರಾಣ ಕೊಟ್ಟರು. ವಾಯುಪಡೆಯಲ್ಲಿ ಪರಮವೀರ ಚಕ್ರ ಪಡೆದವರು ಅವರೊಬ್ಬರೇ. ನಾನು ಎರಡು ತಿಂಗಳು ಕೂತು ಆ ಕಿಟ್ ಕಟ್ಟಿದೆ. ಬೆಳ್ಳಿ ಬಣ್ಣ ಬಳಿದು, ರೆಕ್ಕೆಯ ಮೇಲೆ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಸುತ್ತುಗಳನ್ನು ಕೈಯಲ್ಲೇ ಬರೆದೆ.

ಆಗ ನಮ್ಮ ಕೂಟಕ್ಕೆ ವಾಯುಪಡೆಯಿಂದ ನಿವೃತ್ತರಾದ ಒಬ್ಬ ಹಿರಿಯರು ಬರುತ್ತಿದ್ದರು. ನೆಲದ ಮೇಲೆ ನಿಂತು ವಿಮಾನಗಳನ್ನು ಸಜ್ಜುಗೊಳಿಸುವ ಕೆಲಸ ಮಾಡಿದವರು. ನನ್ನ ವಿಮಾನವನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಸುತ್ತುಗಳನ್ನ ಕೈಯಲ್ಲೇ ಬರೆದ್ರಾ? ಎಂಥ ಕೈ ಸ್ವಾಮಿ ನಿಮ್ಮದು" ಅಂದರು. ಆಮೇಲೆ ಮೆತ್ತಗೆ, "ನಾವು ಸಜ್ಜು ಮಾಡ್ತಿದ್ದದ್ದು ಒಂದೇ ಸೀಟಿನದು" ಅಂದರು. ನನಗೆ ನೆಲ ಕುಸಿದಂತಾಯಿತು. ನಾನು ಕಟ್ಟಿದ್ದು ಬ್ರಿಟಿಷರ ಎರಡು ಸೀಟಿನ ತರಬೇತಿ ವಿಮಾನ. ಅದರ ಒಡಲು ಉದ್ದ, ರೆಕ್ಕೆಯೂ ದೊಡ್ಡದು. ನಮ್ಮ ವಾಯುಪಡೆಯಲ್ಲಿದ್ದದ್ದು ಯುದ್ಧದ ನ್ಯಾಟ್, ಒಬ್ಬರೇ ಕೂರುವಂಥದ್ದು.

ಅವರು ಅಷ್ಟಕ್ಕೇ ಬಿಡಲಿಲ್ಲ. ಒಂದು ಕಾಗದ ತೆಗೆದುಕೊಂಡು ಒಂದು ಸೀಟಿನ ನ್ಯಾಟ್‌ನ ಚಿತ್ರ ಬರೆದರು. ಮೂವತ್ತು ಮಿಲಿಮೀಟರಿನ ಎರಡು ಫಿರಂಗಿ ಎಲ್ಲಿರುತ್ತಿದ್ದವು, ಗುಂಡಿನ ಸರ ಹೇಗೆ ತುಂಬುತ್ತಿದ್ದರು, ಬೇಸಿಗೆಯಲ್ಲಿ ಲೋಹ ಹೇಗೆ ಕಾದು ಕೈ ಸುಡುತ್ತಿತ್ತು, ಎಲ್ಲ ಹೇಳಿದರು. ಮಧ್ಯಾಹ್ನದ ಊಟದ ಹೊತ್ತು ಮೀರಿದ್ದು ಇಬ್ಬರಿಗೂ ತಿಳಿಯಲಿಲ್ಲ. ತಪ್ಪಾಗಿ ಕಟ್ಟಿದ ವಿಮಾನವನ್ನು ನಾನು ಮನೆಯಲ್ಲೇ ಬಿಟ್ಟು ಬಂದಿದ್ದರೆ ಆ ಮಧ್ಯಾಹ್ನ ನನಗೆ ಸಿಗುತ್ತಿರಲಿಲ್ಲ. ಅವರು ಈಗಿಲ್ಲ. ಆ ಕಾಗದ ಇವತ್ತಿಗೂ ನನ್ನ ಪೆಟ್ಟಿಗೆಯಲ್ಲಿದೆ.

ಅದಕ್ಕೇ ಹೇಳುವುದು, ನಮ್ಮ ಕೆಲಸಕ್ಕೆ ಇನ್ನೊಬ್ಬರ ಕಣ್ಣು ಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕದ ನೌಕಾಪಡೆ ಅಲ್ಲಿನ ಶಾಲೆಗಳ ಮಕ್ಕಳಿಂದ ಐದು ಲಕ್ಷ ಮಾದರಿ ವಿಮಾನಗಳನ್ನು ಕೇಳಿತು. ಆಕಾಶದಲ್ಲಿ ಕಂಡದ್ದು ನಮ್ಮದೋ ಶತ್ರುವಿನದೋ ಎಂದು ಗುರುತಿಸಲು ಸೈನಿಕರಿಗೆ ಕಲಿಸುವುದಕ್ಕೆ ಅವು ಬೇಕಿದ್ದವು. ಮಕ್ಕಳು ಮರದಲ್ಲಿ ಕೆತ್ತಿ ಕಳಿಸಿದರು. ಅಳತೆ ಒಂದಕ್ಕೆ ಎಪ್ಪತ್ತೆರಡು, ಅಂದರೆ ಆರು ಅಡಿಗೆ ಒಂದು ಅಂಗುಲ. ಮೂವತ್ತೈದು ಅಡಿ ದೂರದಲ್ಲಿ ಹಿಡಿದರೆ ಅರ್ಧ ಮೈಲಿ ಆಚೆ ಇರುವ ವಿಮಾನದಷ್ಟು ಕಾಣುತ್ತಿತ್ತು. ಅಲ್ಲೂ ಪ್ರತಿಯೊಂದನ್ನೂ ಇನ್ನೊಬ್ಬರು ಅಳತೆ ಹಿಡಿದು ನೋಡಿ, ಸರಿಯಿದ್ದದ್ದನ್ನೇ ಒಪ್ಪಿಕೊಳ್ಳುತ್ತಿದ್ದರು.

ನಿನ್ನ ಮಿಗ್ ಕೂಡ ಅದೇ ಅಳತೆಯದು. ನಿಜವಾದದ್ದರ ರೆಕ್ಕೆ ತುದಿಯಿಂದ ತುದಿಗೆ 7.15 ಮೀಟರ್. ನಿನ್ನದರಲ್ಲಿ ಹತ್ತು ಸೆಂಟಿಮೀಟರಿಗೂ ಚೂರು ಕಡಿಮೆ. ಹಾಗಾದರೆ ರೆಕ್ಕೆಯ ಬುಡದಲ್ಲಿ ನೀನು ಬಿಟ್ಟ ಒಂದು ಮಿಲಿಮೀಟರ್ ಬಿರುಕು ನಿಜವಾದ ವಿಮಾನದಲ್ಲಿ ಎಷ್ಟಾಯಿತು? ಏಳು ಸೆಂಟಿಮೀಟರ್, ನಿನ್ನ ಬೆರಳುಗಳು ತೂರುವಷ್ಟು. ತಲೆಗೂದಲಿನಷ್ಟು ದಪ್ಪಕ್ಕೆ ಬಣ್ಣ ಬಳಿದರೂ ನಿಜದಲ್ಲಿ ಅದು ಅರ್ಧ ಸೆಂಟಿಮೀಟರ್ ಗಾರೆಯಾಗುತ್ತದೆ. ಈ ಲೆಕ್ಕ ಒಮ್ಮೆ ತಲೆಗೆ ಹತ್ತಿದರೆ ಬಣ್ಣವನ್ನು ಯಾಕೆ ತೆಳುವಾಗಿ ಬಳಿಯಬೇಕು, ಯಾಕೆ ಎರಡು ಮೂರು ಸಲ ಬಳಿಯಬೇಕು ಎಂದು ಯಾರೂ ಹೇಳಬೇಕಾಗಿಲ್ಲ.

ಇನ್ನು ಅಂಟು ಹಾಕುವ ಮೊದಲು ಜೋಡಿಸಿ ನೋಡುವ ಅಭ್ಯಾಸ ಬೆಳೆಸಿಕೊ. ಪ್ರತಿ ಪಾರ್ಟನ್ನೂ ಅಂಟಿಲ್ಲದೆ ಕೂರಿಸು, ಟೇಪು ಸುತ್ತಿ ಹಿಡಿದು ನೋಡು, ತೆಗೆ, ಉಜ್ಜು, ಮತ್ತೆ ಕೂರಿಸು. ಇದು ನಮ್ಮಂಥವರ ಆಟಕ್ಕೆ ಮಾತ್ರ ಅಂದುಕೊಳ್ಳಬೇಡ. ನಮ್ಮ ದೇಶದ್ದೇ ಆದ ಮೊದಲ ಜೆಟ್ ಯುದ್ಧವಿಮಾನ ಮಾರುತವನ್ನು ಇದೇ ಬೆಂಗಳೂರಿನಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಮತ್ತು ನಮ್ಮ ಎಂಜಿನಿಯರುಗಳು ರೂಪಿಸುವಾಗ ಮೊದಲು ಮಾಡಿದ್ದೇನು ಗೊತ್ತೇ? ಅದೇ ಆಕಾರದ, ಅದೇ ಅಳತೆಯ, ಎಂಜಿನ್ ಇಲ್ಲದ ಮರದ ಗ್ಲೈಡರ್. 1959ರಲ್ಲಿ ಅದನ್ನು ಡಕೋಟ ವಿಮಾನಕ್ಕೆ ಕಟ್ಟಿ ಮೇಲೆಳೆದೊಯ್ದು ಬಿಟ್ಟು, ಹೇಗೆ ಹಾರುತ್ತದೆ ಎಂದು ಮತ್ತೆ ಮತ್ತೆ ನೋಡಿದರು. ಲೋಹದ ಮಾರುತ ಹಾರಿದ್ದು 1961ರ ಜೂನ್ 17ರಂದು. ಅಷ್ಟು ಬಲ್ಲವರೇ ಮೊದಲು ಪರೀಕ್ಷಿಸಿ ನೋಡಿದರು ಅಂದ ಮೇಲೆ ನಮಗೇಕೆ ಅವಸರ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ತಿಂಗಳ ಕೆಲಸವನ್ನು ಹಾಳುಮಾಡಲು ಅವಸರದ ಒಂದು ತೊಟ್ಟು ಅಂಟು ಸಾಕು.

ಬಣ್ಣದ ವಿಷಯದಲ್ಲಿ ನಾಲ್ಕು ಮಾತು. ಈಗಲೇ ದುಬಾರಿ ಏರ್‌ಬ್ರಷ್ಷಿಗೆ ದುಡ್ಡು ಹಾಕಬೇಡ. ಒಳ್ಳೆಯದೊಂದು ಚಪ್ಪಟೆ ಕುಂಚ ಸಾಕು. ಏರ್‌ಬ್ರಷ್ ಹಿಡಿಯುವ ಆಸೆಯಿದ್ದರೆ ಭಾನುವಾರ ಬಾ, ನಮ್ಮವರದ್ದನ್ನೇ ಹಿಡಿದು ಕಲಿ. ನಿನಗೆ ಬೆಳ್ಳಿ ಬಣ್ಣದ ಮಿಗ್ ಬೇಕಾದರೆ ಮೊದಲು ಬೂದು ಪ್ರೈಮರ್ ಹೊಡೆದು ಬೆಳಕಿಗೆ ಹಿಡಿದು ನೋಡು. ಬೆಳ್ಳಿ ಬಣ್ಣ ಒಂದು ಗೀರನ್ನೂ ಮುಚ್ಚುವುದಿಲ್ಲ, ಇದ್ದದ್ದನ್ನು ಎತ್ತಿ ತೋರಿಸುತ್ತದೆ. ಮಳೆ ಹಿಡಿದ ದಿನ ಸ್ಪ್ರೇ ಮಾಡಬೇಡ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಣ್ಣ ಹಾಲು ಚೆಲ್ಲಿದಂತೆ ಬೆಳ್ಳಗೆ ತಿರುಗುತ್ತದೆ. ಡಿಕಾಲ್, ಅಂದರೆ ಗುರುತುಗಳ ಅಂಟುಚಿತ್ರ, ಅಂಟಿಸುವ ಮೊದಲು ಹೊಳಪಿನ ವಾರ್ನಿಷ್ ಬಳಿದುಕೊ. ಒರಟು ಮೈ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಸುತ್ತಲೂ ಬೆಳ್ಳಗೆ ಮಿನುಗುತ್ತದೆ. ಎಲ್ಲಕ್ಕಿಂತ ಮುಖ್ಯ, ಕಿಟಕಿ ತೆಗೆದಿರಲಿ, ಆವಿ ತಡೆಯುವ ಮಾಸ್ಕ್ ಮುಖದ ಮೇಲಿರಲಿ. ಬಟ್ಟೆಯ ಮಾಸ್ಕ್ ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಶ್ವಾಸಕೋಶಕ್ಕೆ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಕಣಮ್ಮ.

ಪುಸ್ತಕದ ಚಿತ್ರ ನೋಡಿಯೇ ಬಣ್ಣ ನಿರ್ಧರಿಸಬೇಡ. ನಮ್ಮೂರಿನ ಪುಣ್ಯ, ಎಚ್‌ಎಎಲ್ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಮಾರುತ, ಮಿಗ್-21 ನಿಂತಿವೆ. ಹೋಗಿ ಸುತ್ತ ನಡೆದು ನೋಡು. ಗಾಲಿಯ ಗೂಡು ಎಷ್ಟು ಆಳ, ಮೊಳೆಗಳ ಸಾಲು ಎಲ್ಲಿಂದ ಎಲ್ಲಿಗೆ, ಹೊಗೆಯ ಕೊಳವೆಯ ಬಳಿ ಲೋಹದ ಬಣ್ಣ ಹೇಗೆ ಮಾಸಿದೆ, ಕಣ್ತುಂಬ ನೋಡು. 1963ರಲ್ಲಿ ವಾಯುಪಡೆ ಸೇರಿದ ಮಿಗ್-21 ಅರವತ್ತೆರಡು ವರ್ಷ ದುಡಿದು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಪಡೆಯಿತು. ಇನ್ನು ನಮ್ಮ ಆಕಾಶದಲ್ಲಿ ವಾಯುಪಡೆಯ ಮಿಗ್-21 ಹಾರುವುದಿಲ್ಲ. ಅದನ್ನು ಹಾರಿಸಿದವರು, ರಿಪೇರಿ ಮಾಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ನಿನ್ನ ಕೈಯ ಪುಟ್ಟ ವಿಮಾನವನ್ನು ಅವರ ಮುಂದಿಟ್ಟು ಕೇಳು, ಯಾವ ಪುಸ್ತಕದಲ್ಲೂ ಇಲ್ಲದ್ದನ್ನು ಹೇಳುತ್ತಾರೆ.

ಕೂಟದಲ್ಲಿ ನಡೆದುಕೊಳ್ಳುವ ರೀತಿಯನ್ನೂ ಹೇಳಿಬಿಡುತ್ತೇನೆ. ಇನ್ನೊಬ್ಬರ ವಿಮಾನವನ್ನು ಕೇಳದೆ ಮುಟ್ಟಬಾರದು. ಕೇಳಿ ಎತ್ತಿದರೂ ರೆಕ್ಕೆ ಹಿಡಿದು ಎತ್ತಬಾರದು, ಒಡಲಿಗೆ ಕೈ ಕೊಡಬೇಕು. ತಪ್ಪು ಕಂಡರೆ ಮೊದಲು ಅವರ ಶ್ರಮ ಎಲ್ಲಿದೆಯೋ ಅದನ್ನು ಗುರುತಿಸಿ ಹೇಳು, ಆಮೇಲೆ ತಪ್ಪನ್ನು ಹೇಳು, ಅದರ ಜೊತೆಗೇ ಪರಿಹಾರವನ್ನೂ ಹೇಳು. ಪರಿಹಾರ ತಿಳಿಯದಿದ್ದರೆ ತಿಳಿದವರನ್ನು ಕರೆದು ತಾ. ಎಲ್ಲರ ಎದುರು ಒಬ್ಬರ ಕೆಲಸವನ್ನು ಹೀಗಳೆದರೆ ಅವರು ಮುಂದಿನ ಸಲ ಬರುವುದಿಲ್ಲ. ಹಾಗೆ ನಾವು ಕಳೆದುಕೊಂಡವರಿದ್ದಾರೆ, ಆ ನೋವು ನನಗಿನ್ನೂ ಇದೆ. ಎರವಲು ತಂದ ಕುಂಚವನ್ನು ತೊಳೆದು ಕೊಡು. ನಿನಗೆ ಬೇಡವಾದ ಡಿಕಾಲ್ ಹಾಳೆ ಇನ್ನೊಬ್ಬರಿಗೆ ಬಂಗಾರವಾಗಬಹುದು, ಮುಚ್ಚಿಟ್ಟುಕೊಳ್ಳಬೇಡ. ಪ್ರದರ್ಶನದ ಬಹುಮಾನ ಬಂದರೆ ಸಂತೋಷಪಡು, ಬರದಿದ್ದರೆ ಬಂದವರ ಮೇಜಿನ ಬಳಿ ಹೋಗಿ ಹೇಗೆ ಮಾಡಿದಿರಿ ಅಂತ ಕೇಳು. ಹೊಸ ಕಿಟ್ ಕಂಡಾಗಲೆಲ್ಲ ಕೊಂಡು ಬೀರು ತುಂಬಿಸಬೇಡ. ಕೈಯಲ್ಲಿರುವುದನ್ನು ಮುಗಿಸಿ ಇನ್ನೊಂದನ್ನು ತಾ. ಅರ್ಧಕ್ಕೆ ಬಿಟ್ಟ ಹತ್ತು ಕಿಟ್ ಕಲಿಸದ್ದನ್ನು ಮುಗಿಸಿದ ಒಂದು ಕಿಟ್ ಕಲಿಸುತ್ತದೆ.

ನಿನ್ನ ಮಿಗ್ ರಿಪೇರಿಯಾದ ಮೇಲೂ ಎಲ್ಲೋ ಒಂದು ಗೀರು ಉಳಿದೇ ಉಳಿಯುತ್ತದೆ. ಉಳಿಯಲಿ. ಐದು ವರ್ಷದ ಮೇಲೆ ಹೊಸದಾಗಿ ಸೇರಿದ ಒಂದು ಮಗು ತನ್ನ ಡಬ್ಬಿಯನ್ನು ತೆರೆಯಲು ಹಿಂಜರಿದಾಗ ನೀನು ಇದನ್ನು ಎತ್ತಿ ತೋರಿಸಿ, ನನ್ನ ಮೊದಲನೆಯದು ಹೀಗಿತ್ತು ಅನ್ನಬಹುದು.

ಮುಂದಿನ ಕೂಟ ಇದೇ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಹತ್ತಕ್ಕೆ. ಸೀಸದ ಗುಂಡು, ಗಂಜಿಯ ಸೀಸೆ ನಾನು ತರುತ್ತೇನೆ. ಕಿಟಕಿಯ ಪಕ್ಕದ ಕುರ್ಚಿ ನಿನಗಾಗಿ ಖಾಲಿ ಇರುತ್ತದೆ, ಅಲ್ಲಿ ಬೆಳಕು ಚೆನ್ನಾಗಿದೆ. ಬಂದು ಕೂತು, ಮೊದಲು ಆ ಡಬ್ಬಿಯ ಮುಚ್ಚಳ ತೆಗೆಯಮ್ಮ.