ದನದ ಮನೆ, ಜನದ ಮನೆ



ಸಂಗೊಳ್ಳಿ, ಬೈಲಹೊಂಗಲ, ಕಿತ್ತೂರು, ಸವದತ್ತಿಗಳ ಸೀಮೆಯಲ್ಲಿ ಹಳೆಯ ಒಕ್ಕಲುಮನೆಯ ತಲೆಬಾಗಿಲನ್ನು ದಾಟಿದೊಡನೆ ಕಣ್ಣಿಗೆ ಬೀಳುವುದು ಗೋದಲಿ. ಅದರ ಮುಂದೆ ಎತ್ತು, ಎಮ್ಮೆ, ಕರುಗಳು. ಅಲ್ಲಿಂದ ಮೆಟ್ಟಿಲೇರಿದರೆ ಪಡಸಾಲೆ. ಅದರಾಚೆ ದೇವರ ಜಗುಲಿ, ಅಡಿಗೆಮನೆ. ಎತ್ತಿನ ಕೊಂಬು ತಾಗದಂತೆ ಬಾಗಿಲು ಅಗಲ. ಗಂಜಲ ಹರಿದುಹೋಗುವಂತೆ ನೆಲ ಇಳಿಜಾರು. ನಮ್ಮ ಹಿರಿಯರು ಮನೆ ಕಟ್ಟುವಾಗ ಎಷ್ಟು ಅಂಕಣವೆಂಬುದರ ಜೊತೆಗೆ ಎಷ್ಟು ದನ ಕಟ್ಟಬಹುದೆಂಬುದನ್ನೂ ಲೆಕ್ಕ ಹಾಕುತ್ತಿದ್ದರು. ಮನೆಯ ಆಕಾರವನ್ನು ಜನರಷ್ಟೇ ದನಗಳೂ ನಿರ್ಧರಿಸಿವೆ.

ಇದು ಅಜ್ಞಾನದಿಂದ ಬಂದ ಪದ್ಧತಿಯಲ್ಲ. ಕಳ್ಳರ ಭಯ, ಮಳೆ ಚಳಿಗಳ ಕಾಟ, ನಡುರಾತ್ರಿಯಲ್ಲಿ ಈಯುವ ಎಮ್ಮೆಯ ಚಿಂತೆ, ಇವೆಲ್ಲಕ್ಕೂ ಅದು ಉತ್ತರವಾಗಿತ್ತು. ಕಾರಹುಣ್ಣಿಮೆಯಂದು ಎತ್ತನ್ನು ಸಿಂಗರಿಸಿ ಮೆರೆಸುವ ನಮಗೆ ಅದು ಮನೆಯ ಮಗನೇ ಸರಿ. ಆದರೆ ಮನೆಯ ಮಗನಿಗೂ ಪ್ರತ್ಯೇಕ ಕೋಣೆ ಬೇಕಲ್ಲವೇ?

ಹಾನಿ ಹೇಗೆ?

ಸಗಣಿಯಲ್ಲಿಯೂ ಮಣ್ಣಿನಲ್ಲಿಯೂ ಧನುರ್ವಾಯುವಿನ ಬೀಜಾಣುಗಳಿರುತ್ತವೆ. ಹಸುಗೂಸಿನ ಹೊಕ್ಕುಳಿಗೆ ಸಗಣಿ ಅಥವಾ ಬೂದಿಯನ್ನು ಹಚ್ಚಿದರೆ ಅವು ದೇಹವನ್ನು ಸೇರುತ್ತವೆ. ತಾಯಂದಿರಿಗೆ ಚುಚ್ಚುಮದ್ದು ಕೊಟ್ಟು, ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದ್ದರಿಂದ ಈ ರೋಗ ಅಪರೂಪವಾಯಿತು. ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯಾದುದನ್ನು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ಆದರೆ ಬೀಜಾಣುಗಳು ನೆಲದಿಂದ ಮಾಯವಾಗಿಲ್ಲ. ಆದುದರಿಂದ ಚುಚ್ಚುಮದ್ದನ್ನು ಬಿಡಬಾರದು.

ಸಗಣಿಯಲ್ಲಿಟ್ಟ ನೊಣದ ಮೊಟ್ಟೆಯು ಬೇಸಿಗೆಯಲ್ಲಿ 7ರಿಂದ 10 ದಿನಗಳಲ್ಲಿ ಹಾರುವ ನೊಣವಾಗುತ್ತದೆ. ಅದೇ ನೊಣ ಮಗುವಿನ ಅನ್ನದ ಮೇಲೆ ಕುಳಿತು ಭೇದಿಯನ್ನು ತರುತ್ತದೆ. ದನಗಳ ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲಾ, ಹಸಿ ಹಾಲಿನಿಂದಲೂ ಕಂದು ಹಾಕಿದ ಕರುವಿನ ಮಾಸನ್ನು ಬರಿಗೈಯಿಂದ ಮುಟ್ಟುವುದರಿಂದಲೂ ಮನುಷ್ಯರಿಗೆ ಬರುತ್ತದೆ. ದೀರ್ಘಕಾಲದ ಜ್ವರ, ಕೀಲುನೋವು, ಗಂಡಸರಲ್ಲಿ ವೃಷಣದ ಬಾವು ಅದರ ಲಕ್ಷಣಗಳು, ಗರ್ಭಪಾತವೂ ಆಗಬಹುದು.

ಒಂದು ಮನೆಯ ಮಾತು

ಒಮ್ಮೆ ಬಾಣಂತಿಯೊಬ್ಬಳನ್ನು ನೋಡಲು ಹಳ್ಳಿಯ ಮನೆಗೆ ಹೋಗಿದ್ದೆನು. ಗೋದಲಿಗೂ ಕೂಸಿನ ತೊಟ್ಟಿಲಿಗೂ ಒಂದು ಮಾರಿನ ಅಂತರ. ಸೊಳ್ಳೆಗಾಗಿ ಹಾಕಿದ ಹೊಗೆಯಿಂದ ಕೂಸು ಕೆಮ್ಮುತ್ತಿತ್ತು. ಎತ್ತುಗಳನ್ನು ಹೊರಗೆ ಕಟ್ಟಿರೆಂದಾಗ ಪತಿ ಹೇಳಿದನು: “ಸಾಹೇಬರೇ, ಎತ್ತು ಕಳುವಾದರೆ ಈ ಕೂಸಿಗೆ ಏನು ಉಣಿಸಲಿ?” ಆ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಉತ್ತರವನ್ನು ಕಂಡವಳು ಪತ್ನಿಯೇ. ಪಡಸಾಲೆಯ ಪಕ್ಕಕ್ಕೆ ಕೊಟ್ಟಿಗೆಯನ್ನು ಕಟ್ಟಿ, ನಡುವೆ ಗೋಡೆ ಎಬ್ಬಿಸಿ, ಪತಿ ಮಲಗುವ ಕಡೆ ಗೋಡೆಯಲ್ಲಿ ಕದವುಳ್ಳ ಒಂದು ಕಿಂಡಿಯನ್ನು ಬಿಡೋಣವೆಂದಳು. ಸುಗ್ಗಿಯ ನಂತರ ಹಾಗೆಯೇ ಆಯಿತು. ಈಗ ಅವನು ಮಲಗಿದಲ್ಲಿಂದಲೇ ಎತ್ತುಗಳನ್ನು ನೋಡುತ್ತಾನೆ. ತೊಟ್ಟಿಲು ಇನ್ನೊಂದು ಮಗ್ಗುಲಿಗಿದೆ.

ಮಾಡಬೇಕಾದುದೇನು?

1. ಕೊಟ್ಟಿಗೆಗೂ ವಾಸದ ಕೋಣೆಗೂ ನಡುವೆ ಪೂರ್ಣ ಗೋಡೆಯಿರಲಿ. ದನಗಳಿಗೆ ಬೇರೆ ಬಾಗಿಲಿರಲಿ. ಹೊಸ ಮನೆ ಕಟ್ಟುವವರು ಕೊಟ್ಟಿಗೆಯ ಜಾಗವನ್ನು ಮೊದಲೇ ಗುರುತಿಸಬೇಕು.

2. ಸಗಣಿಯನ್ನು ದಿನವೂ ತೆಗೆಯಿರಿ. ತಿಪ್ಪೆಯು ಬಾವಿಯಿಂದ ಕನಿಷ್ಠ 15 ಮೀಟರ್ ದೂರವಿರಲಿ.

3. ಹಾಲನ್ನು ಕುದಿಸಿಯೇ ಕುಡಿಯಿರಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಪಶುವೈದ್ಯರಿಂದ ಬ್ರುಸೆಲ್ಲಾ ಲಸಿಕೆ ಹಾಕಿಸಿರಿ.

4. ಕೂಸಿನ ಹೊಕ್ಕುಳಿಗೆ ಏನನ್ನೂ ಹಚ್ಚದೆ ಒಣಗಲು ಬಿಡಿರಿ. ಗರ್ಭಿಣಿಗೆ ಧನುರ್ವಾಯುವಿನ ಚುಚ್ಚುಮದ್ದನ್ನು ತಪ್ಪದೆ ಕೊಡಿಸಿರಿ.

5. ಗರ್ಭಿಣಿಯು ಬೆಕ್ಕಿನ ಮಲವನ್ನು ಬಳಿಯಬಾರದು. ಕಂದು ಹಾಕಿದ ದನದ ಮಾಸನ್ನು ಮುಟ್ಟಬಾರದು. ಆ ಕೆಲಸವನ್ನು ಮನೆಯ ಇತರರು ಕೈಚೀಲ ಧರಿಸಿ ಮಾಡಲಿ.

6. ಹೊಲ ಕಾಯುವ ನಾಯಿಗೆ ಪ್ರತಿವರ್ಷ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿರಿ. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಾಗೂ ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿರಿ. ಈ ರೋಗ ಕಾಣಿಸಿಕೊಂಡ ಮೇಲೆ ಬದುಕುವುದು ಅಸಾಧ್ಯವೆಂದೇ ಹೇಳಬೇಕು. ಹಿಂದಿನಂತೆ ಹೊಟ್ಟೆಗೆ 14 ಸೂಜಿಗಳಿಲ್ಲ; ತೋಳಿಗೆ ಕೊಡುವ ಲಸಿಕೆಯಿದೆ, ಗರ್ಭಿಣಿಯರೂ ಅದನ್ನು ಪಡೆಯಬಹುದು.

ದಂಪತಿಗಳೇ, ಇಂದು ರಾತ್ರಿ ದೀಪವಾರಿಸುವ ಮುನ್ನ ಇಬ್ಬರೂ ಕುಳಿತು ಯೋಚಿಸಿರಿ. ನಿಮ್ಮ ಮನೆಯಲ್ಲಿ ದನವೆಲ್ಲಿ, ತೊಟ್ಟಿಲೆಲ್ಲಿ? ನಡುವಿನ ಆ ಗೋಡೆಯನ್ನು ಕಟ್ಟುವುದು ಯಾವಾಗ? ಎತ್ತು ನಿಮ್ಮ ಹೊಲವನ್ನು ಸಾಕುತ್ತದೆ. ನಿಮ್ಮ ಕೂಸನ್ನು ಸಾಕಬೇಕಾದವರು ನೀವಿಬ್ಬರು.