ಸೇಲಂ ಅದಿರು ಮತ್ತು ಹಡಗಿನ ಬಾಡಿಗೆ

ಸೇಲಂ ನಗರದ ಬಳಿಯ ಕಂಜಮಲೆಯಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರಿದೆ. ನಗರದ ಇನ್ನೊಂದು ಮಗ್ಗುಲಿನ ಬಿಳಿಯ ಗುಡ್ಡಗಳನ್ನು ಇಂಗ್ಲಿಷರು ಸೀಮೆಸುಣ್ಣದ ಬೆಟ್ಟಗಳೆಂದು ಕರೆದರು. ಅಲ್ಲಿರುವುದು ಸೀಮೆಸುಣ್ಣವಲ್ಲ, ಉಕ್ಕಿನ ಕುಲುಮೆಗಳ ಒಳಗೋಡೆಯ ಇಟ್ಟಿಗೆಗೆ ಬೇಕಾದ ಮ್ಯಾಗ್ನಸೈಟ್. ಧರ್ಮಪುರಿ ಮತ್ತು 2004ರಲ್ಲಿ ಅದರಿಂದ ಬೇರ್ಪಟ್ಟ ಕೃಷ್ಣಗಿರಿ ಜಿಲ್ಲೆಗಳು ಗ್ರಾನೈಟಿಗೆ ಹೆಸರಾಗಿವೆ. ಖನಿಜ ರಫ್ತಿನ ಪಾಠಕ್ಕೆ ಶಿಕ್ಷಕರು ದೂರದ ಉದಾಹರಣೆಗಳನ್ನು ಹುಡುಕಬೇಕಾಗಿಲ್ಲ.

ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಜೋಸೈಯ ಮಾರ್ಷಲ್ ಹೀತ್ ಎಂಬಾತನು 1830ರ ಸುಮಾರಿಗೆ ಪರಂಗಿಪೇಟೆಯಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಸ್ಥಾಪಿಸಿದನು. ಅದಿರು ಸೇಲಂನದು, ಕಾರ್ಖಾನೆ ಮಾತ್ರ ಕಡಲ ತೀರದಲ್ಲಿ. ತಯಾರಾದ ಕಬ್ಬಿಣವು ಇಂಗ್ಲೆಂಡಿಗೆ ಹಡಗೇರಬೇಕಾಗಿದ್ದುದೇ ಇದಕ್ಕೆ ಮುಖ್ಯ ಕಾರಣ. ಅದಿರನ್ನು ಕಾವೇರಿ, ಕೊಳ್ಳಿಡಂ ನದಿಗಳಲ್ಲಿ ಹರಿಗೋಲುಗಳ ಮೂಲಕ ಸಾಗಿಸುತ್ತಿದ್ದರು. ಕುಲುಮೆಗಳು ಉರಿಯುತ್ತಿದ್ದುದು ಇದ್ದಿಲಿನಿಂದ. ಹತ್ತಿರದ ಕಾಡು ಕರಗಿದಂತೆ ಇದ್ದಿಲು ದುಬಾರಿಯಾಯಿತು. ಕಲ್ಲಿದ್ದಲಿನಿಂದ ಅಗ್ಗವಾಗಿ ತಯಾರಾಗುತ್ತಿದ್ದ ಬ್ರಿಟಿಷ್ ಕಬ್ಬಿಣದೊಡನೆ ಪೈಪೋಟಿ ಸಾಧ್ಯವಾಗಲಿಲ್ಲ. 1860ರ ದಶಕದಲ್ಲಿ ಕಾರ್ಖಾನೆ ಮುಚ್ಚಿತು.

ಅದಿರಿನ ಬೆಲೆಯ ಜೊತೆಗೆ ಹಡಗಿನ ಬಾಡಿಗೆಯನ್ನೂ ವಿದ್ಯಾರ್ಥಿಗಳು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಂದರಿನಲ್ಲಿ ಸರಕಿನ ಬೆಲೆ 100 ರೂಪಾಯಿ, ಬಾಡಿಗೆ 30 ರೂಪಾಯಿ ಎಂದಿಟ್ಟುಕೊಳ್ಳೋಣ. ಹಡಗನ್ನು ಕೊಳ್ಳುವವನೇ ಗೊತ್ತುಮಾಡಿದರೆ ನಮ್ಮ ದೇಶಕ್ಕೆ ಬರುವುದು 100 ಮಾತ್ರ. ಮಾರುವವನು ಬಾಡಿಗೆ ಸೇರಿಸಿ ಮಾರಿ, ಭಾರತೀಯ ಹಡಗಿನಲ್ಲಿಯೇ ಕಳುಹಿಸಿದರೆ 130. ಸ್ವತಂತ್ರ ಭಾರತದ ಸರ್ಕಾರವು ತನ್ನ ಸರಕುಗಳಿಗೆ ಈ ನೀತಿಯನ್ನೇ ಅನುಸರಿಸಿತು: ರಫ್ತಿಗೆ ಬಾಡಿಗೆ ಸೇರಿಸಿದ ಬೆಲೆ, ಆಮದಿಗೆ ಬಾಡಿಗೆ ಬಿಟ್ಟ ಬೆಲೆ. 1961ರಲ್ಲಿ ಭಾರತೀಯ ಹಡಗು ನಿಗಮವೂ ಸ್ಥಾಪನೆಯಾಯಿತು. ವಿಶ್ವಸಂಸ್ಥೆಯ ಆಶ್ರಯದಲ್ಲಿ 1974ರಲ್ಲಿ ಆದ ಒಪ್ಪಂದವು ಸರಕಿನ ಶೇ. 40ನ್ನು ಕಳುಹಿಸುವ ದೇಶದ ಹಡಗುಗಳಿಗೂ, ಶೇ. 40ನ್ನು ಪಡೆಯುವ ದೇಶದವಕ್ಕೂ, ಉಳಿದ ಶೇ. 20ನ್ನು ಇತರರಿಗೂ ಹಂಚಬಯಸಿತು. ಆದರೆ ಅದು ಜಾರಿಗೆ ಬಂದದ್ದು 1983ರಲ್ಲಿ. ಅದೂ ನಿಗದಿತ ಮಾರ್ಗದ ಹಡಗುಗಳಿಗೆ ಮಾತ್ರ. ಅದಿರನ್ನು ಇಡೀ ಹಡಗನ್ನೇ ಬಾಡಿಗೆಗೆ ಹಿಡಿದು ರಾಶಿಯಾಗಿ ಸಾಗಿಸುವುದರಿಂದ, ಬಡ ದೇಶಗಳ ಮುಖ್ಯ ರಫ್ತೇ ಆ ಹಂಚಿಕೆಯಿಂದ ಹೊರಗುಳಿಯಿತು.

ಗ್ರಾನೈಟಿನ ವಿಷಯದಲ್ಲಿ ಪ್ರಶ್ನೆ ಬಂದರಿಗಿಂತ ಮೊದಲೇ, ಗಣಿಯಲ್ಲಿಯೇ ಏಳುತ್ತದೆ. ಕಪ್ಪು ಗ್ರಾನೈಟಿನ ಗಣಿ ಗುತ್ತಿಗೆಯನ್ನು ಖಾಸಗಿಯವರಿಗೆ ಕೊಡಬಾರದೆಂದು ತಮಿಳುನಾಡು ಸರ್ಕಾರವು 1977ರಲ್ಲಿ ನಿಯಮ ಮಾಡಿತು. 1981ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕಲ್ಲು ಯಾರ ಕೈಯಲ್ಲಿದ್ದರೂ ಅದನ್ನು ದಿಮ್ಮಿಯಾಗಿಯೇ ಕಳುಹಿಸಿದರೆ, ಕೊಯ್ದು ಹೊಳಪು ಕೊಡುವ ಕೆಲಸದ ಕೂಲಿ ಪರದೇಶದ್ದಾಗುತ್ತದೆ.

ಅಭ್ಯಾಸ: ಕಲ್ಲಿನ ದಿಮ್ಮಿ ಹೊತ್ತ ಲಾರಿಯೊಂದು ಕೃಷ್ಣಗಿರಿಯಿಂದ ಚೆನ್ನೈ ಬಂದರಿಗೆ ಹೊರಡುತ್ತದೆ. ಗಣಿಯಿಂದ ಕೊಳ್ಳುವವನ ಅಂಗಳದವರೆಗೆ ಯಾರು ಯಾರಿಗೆ ಹಣ ಕೊಡುತ್ತಾರೆಂಬುದನ್ನು ವಿದ್ಯಾರ್ಥಿಗಳು ಪಟ್ಟಿ ಮಾಡಲಿ; ದೇಶದೊಳಗೆ ಉಳಿಯುವ ಹಣಕ್ಕೆ ಗುರುತು ಹಾಕಲಿ.